ಚಪ್ಪಾಳೆ ತಟ್ಟದ ಊರಿನಲ್ಲಿ ಗೆರ್ದಾ

ನಮ್ಮೂರು ನೊರ್‌ಬಲ್ಲೆಯಲ್ಲಿ ಹುಟ್ಟಿದವರಿಗೆಲ್ಲ ಗೆರ್ದಾ ಕ್ವಿಸ್ಟ್ ಒಂದಲ್ಲ ಒಂದು ಹಾಡು ಕಟ್ಟಿದ್ದಾಳೆ. ಮಗುವಿನ ನಾಮಕರಣಕ್ಕೆ, ಹುಡುಗರು ದೊಡ್ಡವರಾಗಿ ಚರ್ಚಿನಲ್ಲಿ ದೀಕ್ಷೆ ಪಡೆಯುವ ದಿನಕ್ಕೆ, ಮದುವೆಗೆ, ಇಪ್ಪತ್ತೈದು ವರ್ಷ ತುಂಬಿದ ಬೆಳ್ಳಿಮದುವೆಗೆ, ಅರವತ್ತಕ್ಕೆ, ಎಪ್ಪತ್ತಕ್ಕೆ. ಊಟದ ತಟ್ಟೆಯ ಪಕ್ಕದಲ್ಲಿ ಸುರುಳಿ ಸುತ್ತಿ ರಿಬ್ಬನ್ ಕಟ್ಟಿದ ಕಾಗದ ಇರುತ್ತದೆ. ಮೇಲೆ ಎಲ್ಲರಿಗೂ ಬರುವ ಯಾವುದಾದರೂ ಹಳೆಯ ಹಾಡಿನ ಧಾಟಿ, ಕೆಳಗೆ ಆ ದಿನದ ಸಮಾರಂಭ ಯಾರದೋ ಅವರ ಮಾನ ಹರಾಜು ಹಾಕುವ ಹತ್ತೋ ಹನ್ನೆರಡೋ ಚರಣ. ಸೂಪು ಮುಗಿದು ಹಂದಿಮಾಂಸ ಬರುವುದರೊಳಗೆ ಎಲ್ಲರೂ ಒಟ್ಟಿಗೆ ಹಾಡುತ್ತೇವೆ, ಹುರ್ರಾ ಕೂಗುತ್ತೇವೆ, ಆಮೇಲೆ ಅದೇ ಕಾಗದದಲ್ಲಿ ಮೇಜಿನ ಮೇಲೆ ಚೆಲ್ಲಿದ ಗೊಜ್ಜು ಒರೆಸುತ್ತೇವೆ. ನನ್ನ ಬೆಳ್ಳಿಮದುವೆಯ ಹಾಡಿನಲ್ಲಿ, ನನ್ನ ಗಂಡ ಹೊಸ ಟ್ರ್ಯಾಕ್ಟರನ್ನು ಸಗಣಿಗುಂಡಿಗೆ ಇಳಿಸಿದ ಪ್ರಸಂಗಕ್ಕೇ ಐದು ಚರಣ ಹೋಗಿದ್ದವು. ಅದು ನಮ್ಮ ಮನೆಯ ಗುಟ್ಟು ಅಂತ ನಾನು ಅಲ್ಲಿಯವರೆಗೂ ನಂಬಿಕೊಂಡಿದ್ದೆ.

ನಾನು ಬೋದಿಲ್. ಊರಿನ ಸಭಾಭವನದ ಅಡುಗೆಮನೆ ನನ್ನ ಕೈಯಲ್ಲಿದೆ. ಅಧ್ಯಕ್ಷರು, ಕಾರ್ಯದರ್ಶಿಗಳು ಬರುತ್ತಾರೆ, ಹೋಗುತ್ತಾರೆ. ಕಾಫಿ ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನು ತೀರ್ಮಾನಿಸುವವಳು ನಾನೇ.

ಗೆರ್ದಾ ಇಲ್ಲಿಯವಳಲ್ಲ. ಫ್ಯೂನ್ ದ್ವೀಪದವಳು. ಅಲ್ಲಿನವರು ಮಾತಾಡಿದರೂ ಹಾಡಿದ ಹಾಗೆ, ಬೈದರೂ ಮುದ್ದು ಮಾಡಿದ ಹಾಗೆ. ನಮ್ಮೂರಿನ ವಿಗ್ಗೋ ಕೃಷಿಶಾಲೆಗೆಂದು ಅಲ್ಲಿಗೆ ಹೋಗಿ, ಕೃಷಿ ಕಲಿಯದೆ ಇವಳನ್ನು ಕಟ್ಟಿಕೊಂಡು ಬಂದ. ಬಂದವನು ಡೇರಿಯ ಹಾಲಿನ ಲಾರಿ ಓಡಿಸಿದ, ಇವಳು ಸಹಕಾರಿ ಅಂಗಡಿಯ ಗಲ್ಲಾದಲ್ಲಿ ಕೂತಳು. ಐವತ್ತು ವರ್ಷ ದಾಟಿತು. ಊರಿನಲ್ಲಿ ಈಗಲೂ ಅವಳು 'ಫ್ಯೂನ್‌ನವಳು'. ಇದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ. ಇನ್ನೂ ಸ್ವಲ್ಪ ದಿನ ನೋಡೋಣ ಅಂತ, ಅಷ್ಟೇ.

ನಮ್ಮ ಕಡೆಯವರ ಸ್ವಭಾವ ಹಾಗೆ. ಪಶ್ಚಿಮದ ಗಾಳಿಗೆ ಬಾಯಿ ತೆರೆದರೆ ಮರಳು ತುಂಬುತ್ತದೆ ಅಂತ ಹಿರಿಯರು ಬಾಯಿ ಮುಚ್ಚಿಕೊಂಡರು. ನಾವು ಅದನ್ನೇ ಸಂಸ್ಕೃತಿ ಅಂದುಕೊಂಡೆವು. ಇಲ್ಲಿ ಅತಿ ದೊಡ್ಡ ಹೊಗಳಿಕೆ ಎಂದರೆ 'ಅಷ್ಟೇನೂ ಕೆಟ್ಟದಾಗಿಲ್ಲ'. ನನ್ನ ಗಂಡ ನಮ್ಮ ಚೊಚ್ಚಲು ಮಗುವನ್ನು ಎತ್ತಿಕೊಂಡು ಆಡಿದ ಮಾತು ಅದು. ಆವತ್ತಿನ ಖುಷಿಯನ್ನು ನಾನು ಇನ್ನೂ ಮರೆತಿಲ್ಲ.

ವಿಗ್ಗೋ ಅಂತೂ ನಮ್ಮೂರಿನ ಅಳತೆಗೂ ಮೌನಿ. ಹೆಂಡತಿ ಹೊಸ ಟೋಪಿ ಹಾಕಿಕೊಂಡು ಹೇಗಿದೆ ಅಂತ ಕೇಳಿದರೆ ಕಿಟಕಿಯಿಂದ ಆಚೆ ನೋಡಿ ಮಳೆ ಬರುವುದಿಲ್ಲ ಅನ್ನುತ್ತಿದ್ದ. ಗೆರ್ದಾಳ ಟೋಪಿಗಳನ್ನು ನೋಡಿದವರಿಗೆ ಅವನ ಕಷ್ಟವೂ ಅರ್ಥವಾಗುತ್ತದೆ.

ಇಂಥ ಊರಿಗೆ ಗಿಟಾರು ಹಿಡಿದುಕೊಂಡು ಬಂದವಳು ಗೆರ್ದಾ. ಬಂದ ಹೊಸದರಲ್ಲಿ ತನ್ನದೇ ಸಾಹಿತ್ಯ, ತನ್ನದೇ ಧಾಟಿ ಅಂತ ಒಂಬತ್ತು ಹಾಡು ಕಟ್ಟಿದಳು. ಊರಿನ ಪಕ್ಕ ನೆಲದೊಳಕ್ಕೆ ಚಾಚಿದ ಕಡಲಿಗೆ, ಅಂದರೆ ಫ್ಯೋರ್ಡ್‌ಗೆ, ಸೇತುವೆ ಬಂದು ದಾಟುದೋಣಿ ನಿಂತುಹೋದ ಮೇಲೆ ಕಟ್ಟಿದ 'ಕೊನೆಯ ದೋಣಿ' ಅದರಲ್ಲಿ ಒಂದು. ಓರ್ಹುಸ್ ನಗರದ ಒಂದು ಸಣ್ಣ ಕಂಪನಿ ಅವನ್ನೆಲ್ಲ ಒಂದು ಎಲ್‌ಪಿ ಗ್ರಾಮಫೋನ್ ಪ್ಲೇಟಾಗಿ ತಂದಿತು. ಆ ಚಳಿಗಾಲದಲ್ಲಿ ನಮ್ಮ ಸಭಾಭವನದಲ್ಲೇ ಅವಳ ಕಛೇರಿ ನಡೆಯಿತು. ಊರಿಗೆ ಊರೇ ಬಂದಿತ್ತು. ಬೇರೆಲ್ಲಿಗೆ ಹೋಗುವುದು?

ಅವಳು ಹಾಡಿದಳು. ದೋಣಿಯ ಹಾಡಿನ ಮೂರನೆಯ ಚರಣಕ್ಕೆ ಬರುವ ಹೊತ್ತಿಗೆ ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಹಾಡು ಮುಗಿಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ತುಟಿ ಪಿಟಕ್ಕೆನ್ನಲಿಲ್ಲ. ಎದ್ದು ಕಾಫಿಗೆ ಹೋದೆವು.

ನಾನೂ ತಟ್ಟಲಿಲ್ಲ. ಯಾಕೆ ತಟ್ಟಬೇಕು? ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ತಮಾಷೆಯ ಹಾಡಿಗೆ ಗದ್ದಲ ಮಾಡುತ್ತೇವೆ. ಎದೆಗೆ ಇಳಿದದ್ದಕ್ಕೆ ಕೈ ಬಡಿಯುವುದು ನಮ್ಮಲ್ಲಿ ಅಗೌರವ. ಇದನ್ನು ಹುಟ್ಟಿನಿಂದ ಬಲ್ಲವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ತಿಳಿಯದವರಿಗೆ ಹೇಳುವುದಾದರೆ ಬಾಯಿ ತೆರೆಯಬೇಕಾಗುತ್ತದೆ. ಹಾಗಾಗಿ ಗೆರ್ದಾಳಿಗೆ ಯಾರೂ ಹೇಳಲಿಲ್ಲ. ಅವಳ ಊರಿನಲ್ಲಾದರೆ ಹಾಡು ಹಿಡಿಸದಿದ್ದರೂ ಜನ ಚಪ್ಪಾಳೆ ತಟ್ಟಿ, ಅಪ್ಪಿಕೊಂಡು, ಕಂದುಸಕ್ಕರೆಯ ಕೇಕು ತಿನ್ನಿಸುತ್ತಾರೆ. ಅವಳು ಲೆಕ್ಕ ಹಾಕಿದ್ದು ಬೇರೆ: ಊರಿನವರು ಹೋರಾಡಿ ತರಿಸಿದ ಸೇತುವೆಯನ್ನು ಮೂರನೆಯ ಚರಣದಲ್ಲಿ ಹಂಗಿಸಿಬಿಟ್ಟೆ, ಅದಕ್ಕೇ ಇವರಿಗೆ ಕೋಪ. ಮರುವರ್ಷ ಕಂಪನಿ ಬಾಗಿಲು ಹಾಕಿತು. ಮಾರಾಟವಾಗದ ಪ್ಲೇಟುಗಳಿದ್ದ ಎರಡು ಪೆಟ್ಟಿಗೆಗಳ ಜೊತೆಗೆ ಗಿಟಾರೂ ಅಟ್ಟ ಸೇರಿತು. ಆಮೇಲೆ ಯಾರೋ ಅಪ್ಪನ ಅರವತ್ತಕ್ಕೆ ನಾಲ್ಕು ಸಾಲು ಬರೆದುಕೊಡು ಅಂದರು, ಬರೆದಳು. ಜನ ಕುರ್ಚಿ ಹತ್ತಿ ಹುರ್ರಾ ಕೂಗಿದರು. ಆ ದಿನದಿಂದ ಬೇರೆಯವರ ಧಾಟಿ, ಬೇರೆಯವರ ಹುಟ್ಟುಹಬ್ಬ.

ಇಷ್ಟಕ್ಕೇ ನಿಲ್ಲಬೇಕಾಗಿದ್ದ ಕಥೆಯಲ್ಲಿ ಮೂಗು ತೂರಿಸಿದವನು ಮಾಲ್ತೆ. ಓರ್ಹುಸ್‌ನ ಸಂಗೀತಗಾರ, ಮೂವತ್ತು ದಾಟಿದ ಆಸಾಮಿ, ಗಡ್ಡ, ಒಲೆಯ ಪಕ್ಕ ಕೂತರೂ ತೆಗೆಯದ ಉಣ್ಣೆ ಟೋಪಿ. ಹಳೇ ಸಾಮಾನಿನ ಸಂತೆಯಲ್ಲಿ ಒಡೆದ ದೀಪಗಳ ನಡುವೆ ಗೆರ್ದಾಳ ಪ್ಲೇಟು ಅವನಿಗೆ ಸಿಕ್ಕಿತಂತೆ. ಮನೆಗೆ ಹೋಗಿ ಕೇಳಿದವನು ನಿದ್ದೆ ಬಿಟ್ಟನಂತೆ. ಈ ಹಾಡುಗಳನ್ನು ಅದೇ ಸಭಾಭವನದಲ್ಲಿ, ಅದೇ ಊರಿನವರ ಎದುರಿಗೆ ಗೆರ್ದಾಳ ಬಾಯಿಂದಲೇ ಹಾಡಿಸಿ, ಕಛೇರಿಯನ್ನು ಇದ್ದದ್ದು ಇದ್ದ ಹಾಗೆ ಧ್ವನಿಮುದ್ರಿಸಿ ಹೊಸ ಪ್ಲೇಟು ಮಾಡಬೇಕು ಅಂತ ಅವನ ಹಟ. ಮೂರು ನಾಲ್ಕು ಸಲ ಬಂದ. ಗೆರ್ದಾ ಪ್ರತಿ ಸಲವೂ ಕೇಕು ಕೊಟ್ಟಳು, ಒಪ್ಪಿಗೆ ಕೊಡಲಿಲ್ಲ.

ನಿಜವಾದ ಕಾರಣವನ್ನು ಅವಳು ಹೇಳಿದ್ದು ನನಗೆ, ಒಂದು ಮಧ್ಯಾಹ್ನ ಕಾಫಿಯ ಫ್ಲಾಸ್ಕು ವಾಪಸು ಕೊಡಲು ಬಂದಾಗ.

"ಅದೇ ಹಾಲ್‌ನಲ್ಲಿ ಅದೇ ಮುಖಗಳ ಮುಂದೆ ಇನ್ನೊಂದ್ಸಲ ನಿಂತ್ಕೊಳ್ಳೋಕೆ ನನ್ನಿಂದ ಆಗಲ್ಲ ಕಣೇ ಬೋದಿಲ್. ಒಂದ್ಸಲ ಸತ್ತಿದ್ದು ಸಾಕು."

"ಆ ಮುಖಗಳಲ್ಲಿ ಅರ್ಧ ಆಗ್ಲೇ ಮಣ್ಣು ಸೇರಿವೆ," ಅಂದೆ ನಾನು. "ಉಳಿದರ್ಧಕ್ಕೆ ಕಿವಿ ಕೇಳ್ಸಲ್ಲ. ನಿಂಗ್ಯಾಕೆ ಭಯ?"

ಧೈರ್ಯ ಹೇಳುವುದರಲ್ಲಿ ನಾನು ಅಷ್ಟು ಪಳಗಿದವಳಲ್ಲ, ಆದರೆ ಅವಳಿಗೆ ನಗು ಬಂತು. ವಾರದ ಮೇಲೆ ಮಾಲ್ತೆಗೆ ಹೂಂ ಅಂದಳು. ಜೊತೆಗೊಂದು ಷರತ್ತು: ಆವತ್ತಿನ ಹಾಗೇ ಈ ಸಲವೂ ಆದರೆ, ಧ್ವನಿಮುದ್ರಿಸಿದ್ದನ್ನೆಲ್ಲ ಅಳಿಸಿಬಿಡಬೇಕು, ಆಮೇಲೆ ಈ ಹಾಡುಗಳ ಸುದ್ದಿಯನ್ನು ಜೀವಮಾನದಲ್ಲಿ ಎತ್ತಬಾರದು. ಮಾಲ್ತೆ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ನಗರದವರಿಗೆ ಮಾತು ಕೊಡುವುದು ಸುಲಭ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಮೈಕುಗಳು, ತಂತಿಗಳು, ನನ್ನ ಕಪ್ಪು-ಬಸಿ ಇಡುವ ಮೇಜಿನ ಮೇಲೆ ಅವರ ಯಂತ್ರ. ಮಾಲ್ತೆ ಮುಂದೆ ಬಂದು ನಯವಾಗಿ ಹೇಳಿದ: ಹಾಡು ನಡೆಯುವಾಗ ದಯವಿಟ್ಟು ಯಾರೂ ಸದ್ದು ಮಾಡಬೇಡಿ, ಮುಗಿದ ಕೂಡಲೇ ಮನಸ್ಸು ಬಿಚ್ಚಿ ಚಪ್ಪಾಳೆ ತಟ್ಟಿ, ಪ್ಲೇಟಿನಲ್ಲಿ ಅದೂ ಬರುತ್ತದೆ. ಎಲ್ಲರೂ ತಲೆಯಾಡಿಸಿದರು. ನಮ್ಮಲ್ಲಿ ತಲೆಯಾಡಿಸಿದರೆ ಕೇಳಿಸಿತು ಎಂದರ್ಥ. ಒಪ್ಪಿದೆವು ಎಂದಲ್ಲ.

ಮೊದಲನೆಯ ಹಾಡು ಮುಗಿಯಿತು. ಸದ್ದಿಲ್ಲ. ಹಿಂದೆ ನಿಂತು ಪಿಟೀಲು ನುಡಿಸುತ್ತಿದ್ದ ಮಾಲ್ತೆ ಅದನ್ನು ಪಕ್ಕಕ್ಕಿಟ್ಟು, ಎರಡೂ ಕೈ ತಲೆಯ ಮೇಲೆತ್ತಿ, ಮಕ್ಕಳಿಗೆ ಕಲಿಸುವ ಹಾಗೆ, ಸದ್ದಾಗದಂತೆ ತಟ್ಟಿ ತೋರಿಸಿದ. ಜನ ಅವನನ್ನು ಮರ್ಯಾದೆಯಿಂದ ನೋಡಿದರು. ಎರಡನೆಯ ಹಾಡು ಮುಗಿಯಿತು. ಯಾರೋ ಕೆಮ್ಮಿದರು. ಮೂರನೆಯದು 'ಕೊನೆಯ ದೋಣಿ'. ಗೆರ್ದಾಳ ದನಿಗೆ ಈಗ ವಯಸ್ಸಾಗಿದೆ, ಸ್ವಲ್ಪ ಬಿರುಕೂ ಇದೆ, ಆದರೆ ಆ ಹಾಡಿಗೆ ಆ ಬಿರುಕು ಮೊದಲಿಂದಲೂ ಬೇಕಾಗಿತ್ತು ಅಂತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಅನ್ನಿಸಿತು. ಎರಡು ಚರಣ ಹಾಡಿ, ಮೂರನೆಯದನ್ನು ಬಿಟ್ಟು, ನಾಲ್ಕನೆಯದಕ್ಕೆ ಹೋಗಿ ಮುಗಿಸಿದಳು. ಇಡೀ ಹಾಲ್ ಬೂಟು ನೋಡುತ್ತಾ ಕೂತಿತ್ತು.

ಅವಳು ಗಿಟಾರನ್ನು ಕುರ್ಚಿಯ ಮೇಲಿಟ್ಟು, ಈಗ ಕಾಫಿ ಕುಡಿಯೋಣ ಅಂತ ಹೇಳಿ, ನೆಟ್ಟಗೆ ನನ್ನ ಅಡುಗೆಮನೆಗೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಸಹಾಯಕ್ಕೆ ಬಂದು ಕೇಕು ಕೊಯ್ಯುತ್ತಿದ್ದ ಮಾರೆನ್ ಚಾಕು ಹಿಡಿದುಕೊಂಡೇ ನಿಂತುಬಿಟ್ಟಳು.

"ಆಯ್ತು," ಅಂದಳು ಗೆರ್ದಾ. "ಮಾಲ್ತೆಗೆ ಹೇಳು ಬೋದಿಲ್, ಎಲ್ಲಾ ಅಳಿಸಿಬಿಡ್ಲಿ. ನಾನು ಹಿಂದ್ಗಡೆ ಬಾಗಿಲಿಂದ ಮನೆಗೆ ಹೋಗ್ತೀನಿ."

ಊರಿನಲ್ಲಿ ನನಗೆ ಬಾಯಿ ಜೋರು ಅನ್ನುವ ಹೆಸರಿದೆ. ಆ ಹೊತ್ತಿಗೆ ಆ ಬಾಯಿ ಎಲ್ಲಿ ಹೋಯಿತೋ ಕಾಣೆ. ಹೇಳಬೇಕಾದ್ದೆಲ್ಲ ಗಂಟಲಲ್ಲಿದೆ, ಕೈಯಲ್ಲಿ ಕುದಿಯುವ ಕಾಫಿಯ ದೊಡ್ಡ ಪಾತ್ರೆ, ಹೊರಗೆ ಬಂದ ಮಾತು 'ಹಾಲು ಹಾಕ್ಲಾ' ಅಂತ. ಅವಳು ಕೋಟಿಗೆ ಕೈ ಹಾಕಿದಳು. ಅವಳು ಆ ಬಾಗಿಲು ದಾಟಿದರೆ ಎಲ್ಲಾ ಮುಗಿಯುತ್ತದೆ ಅಂತ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಕಾಫಿ ಕೊಡುವ ಕಿಂಡಿಗೆ ಕ್ರೆಸ್ತೆನ್ ಬಂದ. ಫ್ಯೋರ್ಡ್‌ನಲ್ಲಿ ಚಿಪ್ಪುಮೀನು ಹಿಡಿಯುವವನು, ಎಂಬತ್ತು ದಾಟಿದ ಮುದುಕ. ಅವನ ಅಪ್ಪನೇ ಆ ದಾಟುದೋಣಿಯ ಕೊನೆಯ ನಾವಿಕ. ಕಪ್ಪು ಮುಂದೆ ಚಾಚಿದ. ಕೋಪದಿಂದ ಅವನ ಕಿವಿ ಕೆಂಪಾಗಿತ್ತು.

"ಮೂರನೇ ಚರಣ ಬಿಟ್ಟೆ," ಅಂದ.

ಗೆರ್ದಾ ತಿರುಗಿದಳು. "ಏನಂದೆ?"

"ದೋಣಿ ಹಾಡಲ್ಲಿ. ಎರಡಾದ್ಮೇಲೆ ನಾಲ್ಕಕ್ಕೆ ಹಾರಿದೆ."

"ಆವತ್ತು ಅದ್ರಿಂದಾನೇ ಅಲ್ವಾ ನಿಮಗೆಲ್ಲ ಬೇಜಾರಾಗಿದ್ದು? ಸೇತುವೆ ವಿಷಯ ತೆಗೆದೆ ಅಂತ."

"ಯಾರಿಗೆ ಬೇಜಾರು? ನಮ್ಮಪ್ಪನ ದೋಣಿ ಅದು. ಅವನ ಪಾಲಿನ ಚರಣ ಅದು." ಕ್ರೆಸ್ತೆನ್ ಕಪ್ಪಿನೊಳಗೆ ನೋಡಿದ. ಆಮೇಲೆ ರಾಗವಿಲ್ಲದೆ, ಮೀನಿನ ದರ ಹೇಳುವ ದನಿಯಲ್ಲಿ ಒಪ್ಪಿಸಿದ:

"ಸೇತುವೆ ಬಂತು, ಒಳ್ಳೇದಾಯ್ತು,
ಕಾಯುವ ಕೆಲಸ ತಪ್ಪಿತು;
ಕಾಯುತ ಕೂತು ಆಡಿದ ಮಾತು
ಯಾವ ದಡಕೆ ಹೋಯಿತು?"

ಇದು ನಿನಗೆ ಹೇಗೆ ಬಾಯಿಗೆ ಬಂತು ಅಂತ ಗೆರ್ದಾ ಕೇಳಿದಳು. ಪ್ಲೇಟಿದೆ ಅಂದ. ಎಲ್ಲಿ ಸಿಕ್ಕಿತು ಅಂತ ಕೇಳಿದಳು. ಆಗಲೇ, ಪ್ಲೇಟು ಬಂದ ವಾರವೇ, ಆಚೆ ದಡದ ಪೇಟೆಗೆ ಹೋಗಿ ತಂದದ್ದು ಅಂದ.

"ನನ್ನ ಹತ್ರ ಯಾಕೆ ತಗೊಳ್ಳಲಿಲ್ಲ? ಮನೇಲಿ ಎರಡು ಪೆಟ್ಟಿಗೆ ತುಂಬಾ ಇಟ್ಕೊಂಡು ಕೂತಿದ್ನಲ್ಲೋ!"

ಕ್ರೆಸ್ತೆನ್‌ಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನಿನ್ನ ಹತ್ರ ತಗೊಂಡ್ರೆ ಏನಾದ್ರೂ ಹೇಳ್ಬೇಕಾಗ್ತಿತ್ತಲ್ಲ."

ಆಗ ಮಾರೆನ್ ಕೇಕಿನ ಕಡೆಗೇ ನೋಡುತ್ತಾ, ತಮ್ಮ ಮನೆಯಲ್ಲೂ ಒಂದಿದೆ, ಬೈಬಲ್ ಇಡುವ ಕಪಾಟಿನಲ್ಲಿ ಅಂದಳು. ನಾನು ಬೆಚ್ಚಿದೆ. ಯಾಕೆಂದರೆ ಊರಿಗೆಲ್ಲ ನಮ್ಮ ಮನೆಯಲ್ಲಿ ಮಾತ್ರ ಅದಿರುವುದು ಅಂತ ನಾನು ಅಷ್ಟು ವರ್ಷ ತಿಳಿದುಕೊಂಡಿದ್ದೆ. "ನಮ್ಮನೇಲೂ ಇದೆ. ಮೇಜುಬಟ್ಟೆಗಳ ಕೆಳಗೆ," ಅಂದುಬಿಟ್ಟೆ. ಕಿಂಡಿಯ ಹಿಂದೆ ಕಾಫಿಗೆ ಸಾಲು ನಿಂತಿದ್ದವರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು ನಮ್ಮಲ್ಲೂ ಅಂದರು. ಅವರ ಹಿಂದಿನವರು ತಮ್ಮದು ಸವೆದು ಎರಡನೆಯದು ತಂದಿದ್ದಾಯ್ತು ಅಂದರು. ಗುಟ್ಟು ಹೀಗೆ ಬಾಗಿಲವರೆಗೂ ರಟ್ಟಾಗುತ್ತಾ ಹೋಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮೂರಿನಲ್ಲಿ ಹಿತ್ತಲ ಗಿಡವೇ ಮದ್ದು, ಆದರೆ ಅದನ್ನು ಆಚೆ ದಡದ ಪೇಟೆಯಿಂದ ಕದ್ದುಮುಚ್ಚಿ ಕೊಂಡು ತರಬೇಕು. ಒಂದೇ ಊರಿನವರು ಒಬ್ಬೊಬ್ಬರಾಗಿ ಬಂದು, ಅಕ್ಕಪಕ್ಕ ನೋಡಿ, ಪಿಸುದನಿಯಲ್ಲಿ ಅದೇ ಪ್ಲೇಟು ಕೇಳುವುದನ್ನು ಕಂಡು ಆ ಅಂಗಡಿಯವನು ಒಳಗೆ ಏನು ರೆಕಾರ್ಡಾಗಿದೆಯೋ ಅಂತ ಗಾಬರಿಗೊಂಡಿರಬೇಕು.

ಗೆರ್ದಾ ಆಲೂಗಡ್ಡೆ ಮೂಟೆಯ ಮೇಲೆ ಕೂತುಬಿಟ್ಟಳು. ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ವಿಗ್ಗೋಗೆ? ಅವ್ನಿಗೂ ಇಷ್ಟ ಆಗಿತ್ತಾ?"

ವಿಗ್ಗೋ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಕ್ರೆಸ್ತೆನ್ ನನ್ನನ್ನು ನೋಡಿದ, ನಾನು ಮಾರೆನ್‌ಳನ್ನು ನೋಡಿದೆ. ಅವಳ ಪ್ರಶ್ನೆಗೆ ಉತ್ತರ ಊರಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು.

"ಅವ್ನು ಹಾಲಿನ ಲಾರೀಲಿ ಹಾಡ್ತಿದ್ನಲ್ಲಮ್ಮಾ," ಅಂದ ಕ್ರೆಸ್ತೆನ್. "ಗಾಜು ಏರಿಸ್ಕೊಂಡು, ಗಟ್ಟಿಯಾಗಿ. ಗಾಜು ಏರ್ಸಿದ್ರೆ ಯಾರಿಗೂ ಕೇಳ್ಸಲ್ಲ ಅಂತ ಅವ್ನ ಲೆಕ್ಕ. ಲಾರಿ ಅಂಗಳಕ್ಕೆ ಬರೋ ಮುಂಚೆ ಹಾಡು ಬರ್ತಿತ್ತು. ನಮ್ಮ ಹಸುಗಳಿಗೂ ಬಾಯಿಪಾಠ ಆಗಿತ್ತು."

"ಮನೇಲಿ ಒಂದು ದಿನ ಹಾಡ್ಲಿಲ್ಲ."

"ನಿನ್ನ ಎದ್ರಿಗೆ ಹಾಡ್ತಾನಾ?"

ಗೆರ್ದಾ ಅತ್ತಳು. ನಾವು ಅಳುವವರನ್ನು ನೋಡುವುದಿಲ್ಲ, ಗೋಡೆ ನೋಡುತ್ತೇವೆ. ಆವತ್ತು ನಾನು ಕಾಫಿಯ ಪಾತ್ರೆ ಕೆಳಗಿಟ್ಟು, ಅವಳ ಪಕ್ಕ ಮೂಟೆಯ ಮೇಲೆ ಕೂತು, ಅವಳ ಕೈ ಹಿಡಿದುಕೊಂಡೆ. ಆಗ ನನಗೂ ಕಣ್ಣೀರು ಬಂತು. ಅದನ್ನು ಈರುಳ್ಳಿಯ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಒಬ್ಬ ಹೆಂಗಸು ಅರ್ಧ ಶತಮಾನ ನಮ್ಮ ನಡುವೆ ನಮ್ಮ ಪ್ರೀತಿಯ ಗಂಧವೇ ಇಲ್ಲದೆ ಬದುಕಿದಳಲ್ಲ ಅಂತ ಬಂದ ಕಣ್ಣೀರು ಅದು.

ಅತ್ತು ಮುಗಿದ ಮೇಲೆ ಅವಳಿಗೆ ಬಂದದ್ದು ಸಿಟ್ಟು. ಕೋಟು ಬಿಸಾಡಿ, ಮೂಗು ಒರೆಸಿಕೊಂಡು, ಕಾಫಿ ಕುಡಿಯುತ್ತಿದ್ದವರನ್ನೆಲ್ಲ ಮತ್ತೆ ಕುರ್ಚಿಗಳ ಕಡೆಗೆ ಅಟ್ಟಿಕೊಂಡು ಹೋಗಿ ಮೈಕಿನ ಮುಂದೆ ನಿಂತಳು. ಅವಳ ಫ್ಯೂನ್‌ನ ಸಿಹಿದನಿಯಲ್ಲಿ ಅಂಥ ಬೈಗುಳ ನಾವು ಕೇಳಿರಲಿಲ್ಲ.

"ನೀವೆಲ್ಲ ಮನುಷ್ಯರೋ ಮರದ ದಿಮ್ಮಿಗಳೋ? ದೋಣಿ ಹಾಡು ಮೊದ್ಲಿಂದ ಹಾಡ್ತೀನಿ, ಮೂರನೇ ಚರಣ ಸೇರ್ಸಿ. ಚಪ್ಪಾಳೆ ಬೇಡ, ಇಟ್ಕೊಳ್ಳಿ. ನನ್ನ ಜೊತೆ ಹಾಡಿ. ಬಾಯಿ ಬಿಡ್ದೇ ಇದ್ದೋರ ಮುಂದಿನ ಹುಟ್ಟುಹಬ್ಬಕ್ಕೆ ನಾನೇ ಹಾಡು ಬರೆಯೋದು, ನೆನಪಿರ್ಲಿ."

ಅವಳಿಗೆ ಎಲ್ಲರ ಮನೆಯ ಸಂಗತಿಯೂ ಗೊತ್ತು. ಜನ ಹಾಡಿದರು. ಮೊದಲ ಸಾಲನ್ನು ಅವಳಿಗೆ ಹೆದರಿ ಹಾಡಿದರು, ಎರಡನೆಯ ಸಾಲಿಗೆ ಹೆದರಿಕೆ ಮರೆತರು. ಯಾರ ಕೈಯಲ್ಲೂ ಕಾಗದವಿಲ್ಲ. ಎಲ್ಲರ ಕಣ್ಣೂ ಬೂಟಿನ ಮೇಲೆ, ಎಲ್ಲರ ಬಾಯಲ್ಲೂ ಪ್ರತಿಯೊಂದು ಅಕ್ಷರ. ಮನೆಯಲ್ಲಿ, ಕೊಟ್ಟಿಗೆಯಲ್ಲಿ, ದೋಣಿಯಲ್ಲಿ ಒಬ್ಬೊಬ್ಬರೇ ಹಾಡಿಕೊಂಡದ್ದನ್ನು ಮೊದಲ ಸಲ ಒಟ್ಟಿಗೆ ಹಾಡಿದೆವು. ಒಬ್ಬೊಬ್ಬರದು ಒಂದೊಂದು ವೇಗ; ಕ್ರೆಸ್ತೆನ್ ಅಂತೂ ಉಳಿದವರಿಗಿಂತ ಅರ್ಧ ಸಾಲು ಮುಂದೆ. ಮಾಲ್ತೆ ಪಿಟೀಲು ನುಡಿಸುವುದನ್ನು ಮರೆತು ಬಾಯಿ ತೆರೆದು ನಿಂತಿದ್ದ. ಉಳಿದ ಆರು ಹಾಡೂ ಹಾಗೇ ಮುಗಿದವು. ಕೊನೆಯಲ್ಲೂ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಗೆರ್ದಾ ಈ ಸಲ ಕೋಟಿಗೆ ಕೈ ಹಾಕಲಿಲ್ಲ. ಆಮೇಲೆ ಉಳಿದ ಕಾಫಿ ಬಿಸಿ ಮಾಡಿದೆ.

ವಸಂತದಲ್ಲಿ ಪ್ಲೇಟು ಬಂತು. ರಾಜಧಾನಿಯ ಪತ್ರಿಕೆಗಳು ಅಚ್ಚರಿಪಟ್ಟವು: ಇಷ್ಟು ವರ್ಷ ಈ ಹಾಡುಗಳು ಎಲ್ಲಿ ಮಲಗಿದ್ದವು ಅಂತ. ಎಲ್ಲೂ ಮಲಗಿರಲಿಲ್ಲ, ಮೇಜುಬಟ್ಟೆಗಳ ಕೆಳಗಿದ್ದವು. ಒಬ್ಬ ವಿಮರ್ಶಕ ನಮ್ಮನ್ನು ಬಹಳ ಕಾಲ ಅಭ್ಯಾಸ ಮಾಡಿಸಿದ ಮೇಳ ಅಂತ ಕರೆದ. ಕ್ರೆಸ್ತೆನ್ ಮುಂದೆ ಓಡುವುದನ್ನು ದಿಟ್ಟ ಪ್ರಯೋಗ ಅಂದ. ಅದನ್ನು ಓದಿದ ಮೇಲೆ ಮುದುಕ ಇನ್ನೂ ಬೇಗ ಹಾಡುತ್ತಾನೆ. ಊರಿನವರೆಲ್ಲ ಹೊಸ ಪ್ಲೇಟನ್ನೂ ಕೊಂಡರು. ಎಲ್ಲಿ ಅಂತ ಕೇಳಬೇಡಿ. ಆ ದಿನ ಆಚೆ ದಡದ ಪೇಟೆಯಲ್ಲಿ ಒಬ್ಬರಿಗೊಬ್ಬರು ಎದುರಾಗಿ, ಹವಾಮಾನದ ಬಗ್ಗೆ ಬಹಳ ಮಾತಾಡಿದೆವು.

ಬೇಸಿಗೆ ಕಳೆದ ಮೇಲೆ ಗೆರ್ದಾಳನ್ನು ಕೋಪನ್‌ಹೇಗನ್‌ಗೆ ಕರೆಸಿದರು. ದೊಡ್ಡ ಸಭಾಂಗಣ, ಒಂದು ಕುರ್ಚಿಯೂ ಖಾಲಿ ಇಲ್ಲವಂತೆ. ಹೊಸ ಟೋಪಿ ಹಾಕಿಕೊಂಡು ರೈಲು ಹತ್ತಿದಳು. ಎರಡು ದಿನದ ಮೇಲೆ ವಾಪಸು ಬಂದವಳು ಮನೆಗೂ ಹೋಗದೆ ನನ್ನ ಅಡುಗೆಮನೆಗೆ ಬಂದಳು. ನಾನು ಯಾರದೋ ತಿಥಿಯೂಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದೆ. ಅವಳೂ ಒಂದು ಚಾಕು ತೆಗೆದುಕೊಂಡು ಎದುರಿಗೆ ಕೂತಳು. ಹೇಗಾಯಿತು ಅಂತ ಕೇಳಿದೆ. ಚೆನ್ನಾಗಾಯಿತು ಅಂದಳು. ಒಂದೆರಡು ಆಲೂಗಡ್ಡೆ ಸುಲಿದದ್ದಾಯಿತು. ನನಗೆ ತಡೆಯಲಾಗಲಿಲ್ಲ.

"ಚಪ್ಪಾಳೆ ತಟ್ಟಿದ್ರಾ?"

"ತಟ್ಟಿದ್ರು. ಒಂದೊಂದು ಹಾಡಿಗೂ ತಟ್ಟಿದ್ರು. ಕೊನೇಲಿ ಎದ್ದು ನಿಂತು ತಟ್ಟಿದ್ರು, ನಿಲ್ಲಿಸಲೇ ಇಲ್ಲ." ಸುಲಿದ ಆಲೂಗಡ್ಡೆಯನ್ನು ಅವಳು ನೀರಿಗೆ ಹಾಕಿದಳು. "ಪಾಪ, ಅವ್ರಿಗೆ ಹಾಡು ಬರಲ್ವಲ್ಲ ಬೋದಿಲ್. ಇನ್ನೇನು ಮಾಡ್ತಾರೆ ಹೇಳು."